ಡಿಸ್ಕಿನ ಕೊನೆಯುಸಿರು ಕೇಳಿದ ಮೇಸ್ತ್ರಿ

ಆರು ವರ್ಷದ ಹಿಂದಿನ ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೊಸಪೇಟೆಯ ನಮ್ಮ ವಾರಪತ್ರಿಕೆಯ ಸಂಪಾದಕರು ಚಾಲೂ ಇದ್ದ ಕಂಪ್ಯೂಟರಿನ ಡಬ್ಬಿಯ ಮೂಲೆಗೇ ತೆಂಗಿನಕಾಯಿ ಒಡೆದರು. ಕಚೇರಿಯಲ್ಲಿ ಕಲ್ಲು ಇರಲಿಲ್ಲ. ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು; ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದರೆ ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದು ಸಾಲು ಬಿಟ್ಟು ಬೇರೇನೂ ಬರಲಿಲ್ಲ. ಸಂಜೆ ಪುಟಗಳು ಮುದ್ರಣಕ್ಕೆ ಹೋಗಬೇಕಿತ್ತು.

ಚಿತ್ತವಾಡ್ಗಿಯಿಂದ ಕಂಪ್ಯೂಟರ್ ರಿಪೇರಿ ಮೇಸ್ತ್ರಿಯನ್ನು ಕರೆಸಿದೆವು. ಸ್ಕ್ರೂಡ್ರೈವರಿನ ಹಿಡಿ ಒತ್ತಿ ಒತ್ತಿ ಅವರ ಬಲಗಿವಿಯ ಮುಂದೆ ಕಾಸಿನಗಲದಷ್ಟು ಚರ್ಮ ಜಡ್ಡುಗಟ್ಟಿತ್ತು. ಸಂಡೂರಿನ ಗಣಿಗಳಲ್ಲಿ ಲಾರಿ ಎಂಜಿನ್ ರಿಪೇರಿ ಮಾಡುತ್ತಿದ್ದವರು, ಆಮೇಲೆ ಕಂಪ್ಯೂಟರಿಗೆ ಬಂದರು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ, ಹಿಡಿಯನ್ನು ಕಿವಿಗೆ ಇಟ್ಟು ಒಳಗಿನ ಸದ್ದು ಕೇಳುವುದು ಲಾರಿ ಕಾಲದ ಅಭ್ಯಾಸ. ಕೇಳುವಾಗ ಯಾರೂ ಮಾತಾಡುವಂತಿಲ್ಲ. ಫ್ಯಾನ್ ಕೂಡ ಬಂದ್. ಗಿರಾಕಿಯ ಮಾತನ್ನು ಅವರು ನಂಬುತ್ತಿರಲಿಲ್ಲ. "ಮಷೀನು ಸುಳ್ಳು ಹೇಳಂಗಿಲ್ರಿ, ಓನರ್ ಹೇಳ್ತಾನ" ಎನ್ನುತ್ತಿದ್ದರು.

ಏನೂ ಆಗಿಲ್ಲ, ತಾನಾಗಿಯೇ ನಿಂತಿತು ಎಂದರು ಸಂಪಾದಕರು. ಮೇಸ್ತ್ರಿ ಡಬ್ಬಿಯ ಮೂಲೆಯನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡರು.

"ಕಾಯಿ ಸಿಹಿ ಐತ್ರಿ."

"ಪೂಜಿ ಮಾಡಿದ್ವಿ, ಮೇಸ್ತ್ರಿ," ಎಂದರು ಸಂಪಾದಕರು.

"ಇದು ಪೂಜಿ ಅಲ್ರಿ, ಬಲಿ."

ಡಿಸ್ಕನ್ನು ಬಿಚ್ಚಿ, ತಾವು ತಂದಿದ್ದ ಕಂಪ್ಯೂಟರಿಗೆ ಜೋಡಿಸಿ ಕಿವಿಗೊಟ್ಟರು. ಕಟ್ ಕಟ್ ಸದ್ದು ನಮಗೂ ಕೇಳಿಸಿತು. ಹೆಚ್ಚೆಂದರೆ ಐದು ನಿಮಿಷ ಓಡುತ್ತದೆ, ಮೊದಲು ಯಾವುದು ಬೇಕೋ ಹೇಳಿ ಎಂದರು.

ದಸರಾ ಶುಭಾಶಯದ ಜಾಹೀರಾತು ಎಂದರು ಸಂಪಾದಕರು. ಅದರಲ್ಲಿ ಹನ್ನೊಂದು ಮಂದಿ ಮುಖಂಡರ ಫೋಟೊಗಳಿದ್ದವು. ನಾನು ಮೆಟ್ರಿ ಎಂಬ ಹಳ್ಳಿಯ ಒಬ್ಬ ಹೆಂಗಸಿನ ಗಂಡನ ಫೋಟೊ ಎಂದೆ. ವರ್ಷದ ಪುಣ್ಯಸ್ಮರಣೆಗೆಂದು ಆಕೆ ಕೊಟ್ಟದ್ದು. ಆಕೆಯ ಬಳಿ ಇದ್ದದ್ದು ಅದೊಂದೇ. ಸ್ಕ್ಯಾನ್ ಮಾಡಿದ ಮೇಲೆ ಮೂಲ ಪ್ರತಿಯನ್ನು ಕಳೆದವರು ನಾವು. ಆಕೆಗೆ ಇನ್ನೂ ಹೇಳಿರಲಿಲ್ಲ.

ಜಾಹೀರಾತೇ ಮೊದಲು ಎಂದು ಸಂಪಾದಕರು ಪಟ್ಟು ಹಿಡಿದರು. ಮೇಸ್ತ್ರಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಲೀಡರ್ ಮಂದಿ ಫೋಟೊ ಊರಾಗಿನ ಕಂಬ ಕಂಬಕ್ಕ ಅದಾವ್ರಿ. ಬೇಕಂದ್ರ ಏಣಿ ಕೊಡ್ತೀನಿ."

ಮೆಟ್ರಿಯ ಫೋಟೊ ಬಂತು. ಆಮೇಲೆ ಮೂವರು ಮುಖಂಡರು ಪೂರ್ತಿಯಾಗಿ, ನಾಲ್ಕನೆಯವರು ಮೀಸೆಯವರೆಗೆ ಬರುವಷ್ಟರಲ್ಲಿ ಡಿಸ್ಕ್ ನಿಂತಿತು. ಉಳಿದವರಿಗೆ ಫೋನ್ ಮಾಡಿದೆವು. ಅರ್ಧ ಗಂಟೆಯಲ್ಲಿ ಎಲ್ಲರ ಫೋಟೊಗಳೂ ಮೊಬೈಲಿಗೆ ಬಂದವು; ಕೆಲವರು ನಾಲ್ಕು ನಾಲ್ಕು ಕಳಿಸಿದ್ದರು.

ಮರುವಾರ ಮೇಸ್ತ್ರಿ ಆ ಹೆಂಗಸಿನ ಗಂಡನ ಫೋಟೊವನ್ನು ದೊಡ್ಡದಾಗಿ ತೆಗೆಸಿ, ಕಟ್ಟು ಹಾಕಿಸಿ, ನನ್ನನ್ನೂ ಕರೆದುಕೊಂಡು ಮೆಟ್ರಿಗೆ ಹೋದರು. ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು ಎಂಬುದು ಅವರ ಷರತ್ತು. ಒಪ್ಪಿಕೊಂಡೆ. ಆಕೆ ಫೋಟೊವನ್ನು ಬಹಳ ಹೊತ್ತು ನೋಡಿದರು.

"ಕಳದವರು ನೀವು, ಉಳಿಸಿದವರು ಇವರು. ಚಾ ಮೊದಲು ಇವರಿಗೆ ಕೊಡ್ತೀನಿ."

ಹೊರಡುವಾಗ ಮೇಸ್ತ್ರಿಯನ್ನು ಗಂಡನ ಫೋಟೊದ ಪಕ್ಕ ನಿಲ್ಲಿಸಿ ತಮ್ಮ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡರು.

ಮೇಸ್ತ್ರಿ ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಅವರಿಗೆ ಶ್ರದ್ಧಾಂಜಲಿ ಹಾಕಿಸಲು ನಮ್ಮ ಕಚೇರಿಗೆ ಮೊದಲು ಬಂದವರು ಮೆಟ್ರಿಯ ಆ ಹೆಂಗಸು. ಮೇಸ್ತ್ರಿಯ ಫೋಟೊವನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ತಂದಿದ್ದರು. ಒಂದನ್ನು ನಮಗೆ ಕೊಟ್ಟು, ಇನ್ನೊಂದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದರು.