ದೀಪದ ಮಾಡದಲ್ಲಿಟ್ಟ ತಾಟು

ಹಲಗೆಯ ಮೊಳೆ ಕಿತ್ತು ಪಿಂಗಾಣಿಯೆಲ್ಲ ಬೀಗರಾಗುವವರ ತಲೆಯ ಮೇಲೆ ಬೀಳಬಹುದಿತ್ತು. ಬೆಕ್ಕು ಹಾರಬಹುದಿತ್ತು. ಶಿಗ್ಗಾಂವಿಯ ಬಡಿಗ ಹಚ್ಚಿಕೊಟ್ಟ ಅಂಟು ಆ ಬಿಸಿಲಿಗೆ ಬಿಡಬಹುದಿತ್ತು. "ಇದರಾಗ ಯಾರ್ಯಾರು ಏನೇನು ತಿಂದಿದ್ರೋ" ಎಂದು ಯಾರಾದರೂ ಚಹಾ ಮುಟ್ಟದೆ ಎದ್ದು ಹೋಗಬಹುದಿತ್ತು. ಹಲ್ಲಿ ಲೊಚಗುಟ್ಟಬಹುದಿತ್ತು. ನಾನೇ ಗಾಬರಿಯಲ್ಲಿ ಸೀನಬಹುದಿತ್ತು. ಮಗಳ ಹಿಂದಿನ ಸಂಬಂಧ ಮುರಿದದ್ದೇ ನನ್ನ ಸೀನಿನಿಂದ.

ನಾವು ಮುಂಬಯಿ ಇಲಾಖೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಾನಗಲ್ಲಿನ ನಮ್ಮ ಮನೆಗೆ, ಹಿರಿಯ ಮಗಳನ್ನು ನೋಡಲು ಹಿರೇಕೆರೂರಿನವರು ಬರುವವರಿದ್ದರು. ಮಗಳು ಹುಡುಗನನ್ನು ಯಾರದೋ ಮದುವೆಯಲ್ಲಿ ದೂರದಿಂದ ನೋಡಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಒಪ್ಪಿಬಿಟ್ಟಿದ್ದಳು. ಹುಡುಗನ ಅಜ್ಜಿ ಮಾತ್ರ ಶಕುನ ನೋಡದೆ ಹೊಸ್ತಿಲು ದಾಟುವವಳಲ್ಲವಂತೆ.

ನನ್ನ ಹುಚ್ಚೆಂದರೆ ಹಳೆಯ ಪಿಂಗಾಣಿ. ಸವಣೂರಿನ ಹಳೆಯ ಮನೆಗಳಿಂದ ಮಾರಾಟಕ್ಕೆ ಬಂದ ಕಪ್ಪು, ಬಶಿ, ತಾಟು ತಂದು ಪಡಸಾಲೆಯ ಹಲಗೆಯ ಮೇಲೆ ಜೋಡಿಸಿದ್ದೆ. ಅವ್ವ ಅವನ್ನು ಅಡುಗೆಮನೆಗೆ ಬರಗೊಟ್ಟಿರಲಿಲ್ಲ.

"ಬಾಳಿ ಇಳಿದ ಮನಿ ಸಾಮಾನ ತರಬ್ಯಾಡೋ ತಮ್ಮಾ. ಅದರ ಹಿಂದ ಆ ಮನಿ ನಿಟ್ಟುಸಿರೂ ಬರ್ತೈತಿ."

ನಾನು ನಗುತ್ತಿದ್ದೆ. ನಕ್ಕ ಮೇಲೆ ಹೋಗಿ ಹಲಗೆಯ ಮೊಳೆ ಒತ್ತಿ ನೋಡುತ್ತಿದ್ದೆ.

ಎಲ್ಲಕ್ಕಿಂತ ಪ್ರೀತಿಯದು ಒಂದು ದೊಡ್ಡ ತಾಟು. ನಡುವೆ ವಿಲಾಯತಿ ಹೆಂಗಸು, ಕೈಯಲ್ಲಿ ಹೂವು, ಕಾಲ ಬಳಿ ಕುರಿಮರಿ. ಸೀಳು ಹೋಗಿದ್ದು ಸರಿಯಾಗಿ ಅವಳ ಕುತ್ತಿಗೆಗೆ; ಶಿಗ್ಗಾಂವಿಯ ಬಡಿಗ ಅಂಟು ಹಚ್ಚಿ ಕೂಡಿಸಿಕೊಟ್ಟಿದ್ದ. ಹಲಗೆ ಆ ಭಾರ ತಡೆಯಲಿಕ್ಕಿಲ್ಲ ಎಂಬ ಚಿಂತೆಯಲ್ಲಿ ಅಂದು ಮುಂಜಾನೆ ತಾಟನ್ನು ಗೋಡೆಯೊಳಗಿನ ದೀಪದ ಮಾಡದಲ್ಲಿಟ್ಟೆ.

"ಅಲ್ಲ್ಯಾಕ ಇಟ್ರಿ?" ಎಂದಳು ಹೆಂಡತಿ.

"ಅಲ್ಲಿಂದ ಬೀಳೂದಿಲ್ಲ."

"ನೀವು ಬೀಳದಿದ್ರ ಸಾಕ್ರಿ."

ಅವರು ಬಂದರು. ಎಲ್ಲರೂ ಕುಳಿತರು, ಅಜ್ಜಿ ಕುಳಿತುಕೊಳ್ಳಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನೇರ ಮಾಡದ ಕಡೆಗೇ ನಡೆದಳು. ತಾಟಿನ ಮುಂದೆ ನಿಂತು ಕೈಮುಗಿದಳು.

"ಯಾವ ದೇವಿರಿ ಈಕಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ, "ಸವಣೂರ ಕಡೆಯಾಕಿ," ಎಂದುಬಿಟ್ಟಳು. ಸುಳ್ಳೇನಲ್ಲ.

ಮಾಡದಲ್ಲಿದ್ದ ಕುಂಕುಮ ತೆಗೆದು ಹಚ್ಚಲು ಹೋದ ಅಜ್ಜಿಯ ಬೆರಳು ಸೀಳಿನ ಮೇಲೆ ಹೋಗಿ ನಿಂತಿತು.

"ಕುತ್ತಿಗಿ ಭಿನ್ನ ಆಗೇತಲ್ರಿ!"

ಬಾಗಿಲ ಮರೆಯಲ್ಲಿ ಚಹಾ ಹಿಡಿದು ನಿಂತಿದ್ದ ಮಗಳು ಹೊರಗಿಟ್ಟ ಹೆಜ್ಜೆಯನ್ನು ಹಿಂದಕ್ಕೆಳೆದುಕೊಂಡಳು. ನನಗೆ ಮೂಗಿನೊಳಗೆ ತುರಿಸತೊಡಗಿತು.

ಅಜ್ಜಿ ನಿಧಾನ ನನ್ನ ಕಡೆ ತಿರುಗಿದಳು. "ಒಡೆದ ದೇವರನ್ನ ಮನ್ಯಾಗ ಇಟ್ಕೊಂಡು ಮಗಳಿಗೆ ಗಂಡು ನೋಡಿದ್ರ ಹೆಂಗ ಕೂಡಿ ಬರ್ತೈತ್ರಿ? ಹಿಂದಿನ ಸಂಬಂಧ ಮುರಿದದ್ದು ಇದಕ್ಕ. ಇವತ್ತ ಹೊಳಿಗೆ ಬಿಟ್ಟು ಬರ್ರಿ. ಆಮ್ಯಾಲ ಸಕ್ಕರಿ ಹಂಚಿ ಮಾತು ಪಕ್ಕಾ ಮಾಡೋಣು."

ಅಂತೂ ನನ್ನ ಸೀನಿಗೆ ಮಾಫಿ ಸಿಕ್ಕಿತ್ತು. ಮೂಗು ಗಟ್ಟಿ ಹಿಡಿದುಕೊಂಡೇ ತಲೆಯಾಡಿಸಿದೆ.

ಹಲಗೆ ಬೀಳಲಿಲ್ಲ, ಬೆಕ್ಕು ಬರಲಿಲ್ಲ, ಹಲ್ಲಿ ಸುಮ್ಮನಿತ್ತು. ಮಗಳು ಇವತ್ತು ಹಿರೇಕೆರೂರಿನಲ್ಲಿ ಸುಖವಾಗಿದ್ದಾಳೆ. ಅಂದು ಸಂಜೆ ವರದಾ ಹೊಳೆಯಲ್ಲಿ ಮೊಣಕಾಲು ನೀರಿಗಿಳಿದು ತಾಟನ್ನು ಬಿಟ್ಟೆ. ಅದು ತುಸು ಹೊತ್ತು ತೇಲಿತು. ವಿಲಾಯತಿ ಹೆಂಗಸು ನನ್ನನ್ನೇ ನೋಡುತ್ತ ಕೆಳಗಿಳಿದಳು. ಶಿಗ್ಗಾಂವಿಯ ಅಂಟು ಕೊನೆಯವರೆಗೂ ಬಿಡಲಿಲ್ಲ. ಇಷ್ಟು ವರ್ಷದ ಪಿಂಗಾಣಿಯಲ್ಲಿ ನಾನು ಕಳೆದುಕೊಂಡದ್ದು ಅದೊಂದೇ, ಅದೂ ಒಡೆಯದೆ.