ತಂತಿ ಮಾವನ ಕೆಂಪು ದೀಪ

ತಂತಿ ಕಚೇರಿಗೆ ಬೀಗ ಬಿದ್ದು ಎಷ್ಟೋ ವರ್ಷವಾದರೂ ಬೀದಿಯವರ ಬಾಯಲ್ಲಿ ಅವರು ತಂತಿ ಮಾವನೇ. ತಂತಿ ಯಂತ್ರದ ಕಟ್ಟಕಡ ಸದ್ದು ಅವರ ಬೆರಳನ್ನು ಬಿಟ್ಟು ಹೋಗಲೇ ಇಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನೇ ಕುಟ್ಟುತ್ತಿದ್ದರು. "ಇನ್ನೊಂದು ಸೌಟು ಬೇಕಾದ್ರೆ ಬಾಯಲ್ಲಿ ಕೇಳಿ ಮಾವ, ನನಗೆ ತಂತಿ ಭಾಷೆ ಬರಲ್ಲ" ಎಂದು ಸೊಸೆ ಅವರ ಕಿವಿಯ ಹತ್ತಿರ ಬಂದು ಕೂಗುತ್ತಿದ್ದಳು. ಹಾಗೆ ಕೂಗಿದರಷ್ಟೇ ಅವರಿಗೆ ಕೇಳಿಸುತ್ತಿತ್ತು.

ನಡುಮನೆಯ ಮೂಲೆಯಲ್ಲಿ ಅವರ ಹವ್ಯಾಸಿ ರೇಡಿಯೊ. ಭಾನುವಾರ ಬೆಳಿಗ್ಗೆ, ದೂರದ ಊರಿನಲ್ಲಿದ್ದ ಹಳೆಯ ಸಹೋದ್ಯೋಗಿಯ ಜೊತೆ ಚುಕ್ಕೆ-ಗೆರೆಗಳ ತಂತಿ ಭಾಷೆಯಾದ ಮೋರ್ಸ್‌ನಲ್ಲೇ ಹರಟೆ. ಆ ಗೆಳೆಯನಿಗೆ ಕಣ್ಣು ಕಾಣದು, ಮೊಬೈಲಿನಲ್ಲಿ ಬರೆದು ಕಳಿಸಿದರೆ ಓದಲಾರ. ಮಾವನಿಗೆ ಫೋನಿನ ಮಾತು ಕೇಳದು. ಇಬ್ಬರ ನಡುವೆ ಉಳಿದಿದ್ದು ರೇಡಿಯೊದ ಆ ಸಣ್ಣ ಕೀಂಕೀಂ ಸದ್ದೊಂದೇ. ಅದೂ ಕಿವಿಗೆ ದಕ್ಕದಾದಾಗ ಈ ಮಹಾನುಭಾವರು ಯಾರಿಗೂ ಉಸಿರು ಬಿಡದೆ, ಅಂದಾಜಿನ ಮೇಲೆ ಉತ್ತರ ಕುಟ್ಟತೊಡಗಿದರು.

ಬಣ್ಣ ಬಯಲಾದದ್ದು ಗೆಳೆಯನ ಮಗಳು ಸೊಸೆಗೆ ಫೋನ್ ಮಾಡಿದಾಗ. "ಬಚ್ಚಲಲ್ಲಿ ಜಾರಿ ಕಾಲು ಮುರ್ಕೊಂಡೆ ಅಂತ ನಮ್ಮಪ್ಪ ಹೇಳಿದ್ರೆ, ನಿಮ್ಮ ಮಾವ 'ಬಹಳ ಸಂತೋಷ, ಹೀಗೇ ಮುಂದುವರಿಯಲಿ' ಅಂದ್ರಂತಲ್ಲ!"

ಅದನ್ನು ಕೇಳಿ ಮಾವನ ಮುಖ ಚಿಕ್ಕದಾಯಿತು. ಅಂದೇ ರೇಡಿಯೊದ ಮೇಲೆ ಟವೆಲ್ ಹೊದಿಸಿಬಿಟ್ಟರು. ಯಾರಾದರೂ ನಕ್ಕಾರು, ಆದರೆ ಸುಖದುಃಖ ಹೇಳಿಕೊಳ್ಳಲು ಅವರಿಗಿದ್ದವನು ಅವನೊಬ್ಬನೇ.

ಸೊಸೆ ಟೈಲರ್. ಅಲ್ಲಿ ಇಲ್ಲಿ ವಿಚಾರಿಸಿ ಒಂದು ಕಿಟ್ ತರಿಸಿದಳು. ಬಿಡಿಭಾಗಗಳನ್ನು ನಾವೇ ಬೆಸುಗೆ ಹಾಕಿ ಜೋಡಿಸಬೇಕು. ಆಮೇಲೆ ಅದು ರೇಡಿಯೊದ ಸದ್ದು ಹಿಡಿದು ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿಸುತ್ತದೆ. ಬೆಸುಗೆಯ ಗಂಧಗಾಳಿ ಇಲ್ಲದವಳು ಹೊಲಿಗೆ ಮೇಜಿನ ಮೇಲೆ ಎಲ್ಲ ಹರಡಿಕೊಂಡು, ದಾರದ ಬಣ್ಣ ಆರಿಸಿದ ಹಾಗೆ ಆರಿಸಿ, ಬೆರಳು ಸುಟ್ಟುಕೊಂಡು ಜೋಡಿಸಿದಳು. ಮಾವ ಕುಟ್ಟಿ ನೋಡಿದರು. ಪರದೆಯ ಮೇಲೆ ಮುತ್ತಿನಂಥ ಅಕ್ಷರ!

ಭಾನುವಾರ ಟವೆಲ್ ತೆಗೆದರು. ಗೆಳೆಯ ಕರೆಯುತ್ತಲೇ ಇದ್ದ. ಪರದೆಯ ಮೇಲೆ ಮಾತ್ರ 'ಇ ಇ ಟಿ ಇ ಟಿ', ತಲೆಬುಡವಿಲ್ಲ. ವಯಸ್ಸಾಗಿ ಗೆಳೆಯನ ಕೈ ನಡುಗುತ್ತಿತ್ತು. ಗೆರೆ ಎಳೆದಾಟ, ಚುಕ್ಕೆ ತಡವರಿಕೆ. ಯಂತ್ರಕ್ಕೆ ಎಲ್ಲವೂ ಅಳತೆಗೆ ಸರಿಯಾಗಿರಬೇಕು.

"ಬಿಡಮ್ಮ, ಅವನ ಕೈ ಇದಕ್ಕೆ ತಿಳಿಯಲ್ಲ" ಎಂದು ಮಾವ ಎದ್ದೇಬಿಟ್ಟರು. ಕಣ್ಣು ತುಂಬಿತ್ತು.

"ತಡೀರಿ ಮಾವ. ಸದ್ದು ಬಂದಾಗೆಲ್ಲ ಕೆಂಪು ದೀಪ ಮಿನುಗಬೇಕು ಅಂತ ಕಿಟ್ ಜೊತೆ ಬಂದ ಚೀಟಿಲಿದೆ. ನಮ್ಮದು ಹತ್ತಿಕೊಳ್ತಾನೇ ಇಲ್ವಲ್ಲ?"

ಮಾವ ಬಗ್ಗಿ ನೋಡಿದರು. "ದೀಪದ ಒಂದು ಕಾಲು ಉದ್ದ, ಒಂದು ಗಿಡ್ಡ ಇತ್ತಾ? ಉದ್ದದ್ದು ಯಾವ ಕಡೆ ಹಾಕಿದೆ?"

ಸೊಸೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಎರಡೂ ಒಂದೇ ಸಮ ಇರ್ಲಿ ಅಂತ ಕತ್ತರಿಸ್ಬಿಟ್ಟೆ!"

ಟೈಲರ್ ಕೈ, ಸೊಟ್ಟಂಬಟ್ಟ ಸಹಿಸೀತೇ? ಗುರುತು ಹೋಗಿ ದೀಪ ಉಲ್ಟಾ ಕೂತಿತ್ತು, ಹಾಗೆ ಕೂತರೆ ಹತ್ತದು. ಬಿಚ್ಚಿ ತಿರುಗಿಸಿ ಮತ್ತೆ ಬೆಸೆದಳು. ಪುಣ್ಯಾತ್ಮ ಇನ್ನೂ ಕರೆಯುತ್ತಿದ್ದ.

ಕೆಂಪು ದೀಪ ಮಿನುಗಿತು. ಮಾವ ಪರದೆಯನ್ನು ಬಿಟ್ಟು ಅದನ್ನೇ ದಿಟ್ಟಿಸಿದರು. ಯಂತ್ರ ಎಡವಿದ ಆ ಎಳೆದಾಟ, ತಡವರಿಕೆ ಅವರಿಗೆ ಗೆಳೆಯನ ನಡಿಗೆಯಷ್ಟೇ ಪರಿಚಿತ. ತುಟಿ ತಾನಾಗಿ ಓದಿತು: "ಇದ್ದೀಯಾ? ಕೋಪವಾ?"

ಮಾವ ಮತ್ತೆ ಕೂತರು. "ಕಿವಿ ಹೋಗಿದೆ. ಕ್ಷಮಿಸು. ಸೊಸೆ ದೀಪ ಮಾಡಿಕೊಟ್ಟಿದ್ದಾಳೆ. ಅದನ್ನು ನೋಡಿ ಓದುತ್ತಿದ್ದೇನೆ" ಎಂದು ಕುಟ್ಟಿದರು.

ದೀಪ ಆರಿಯೇ ಇತ್ತು. ಕೊನೆಗೂ ಮಿನುಗಿತು.

"ಕಾಲು ಕೂಡಿಕೊಂಡಿದೆ. ಸಂತೋಷಪಡುವುದಿದ್ದರೆ ಈಗ ಪಡು."

ಮಾವ ಗಹಗಹಿಸಿ ನಕ್ಕರು. ದೀಪ ಇನ್ನೂ ಮಿನುಗುತ್ತಿತ್ತು. ಓದುತ್ತ ಓದುತ್ತ ನಗು ನಿಂತಿತು.

"ಏನಂತೆ ಮಾವ?" ಸೊಸೆ ಗಾಬರಿಯಿಂದ ಕೂಗಿದಳು.

"ನಿನಗೆ ಕೈಮುಗಿದೆ ಅಂತ ಹೇಳು ಅಂತಿದ್ದಾನೆ ಕಣಮ್ಮ." ಅವರು ಅವಳ ಸುಟ್ಟ ಬೆರಳು ಹಿಡಿದುಕೊಂಡರು. "ನಂದೂ ಸೇರಿಸ್ಕೋ."