ಮರದ ಸುತ್ತ ಕಟ್ಟಿದ ಮನೆ

ಖಲೀಫಾ ಸಿಟಿಯ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಮರಳಿನ ಬಣ್ಣದವು. ಎತ್ತರದ ಕಾಂಪೌಂಡು, ದೊಡ್ಡ ಕಬ್ಬಿಣದ ಗೇಟು, ಮುಚ್ಚಿದ ಕಿಟಕಿಗಳು. ಅಂಥದೊಂದು ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಊರು ಬಿಟ್ಟು ಈ ಅರಬ್ಬರ ನಾಡಿಗೆ ಬಂದ ಹೊಸದರಲ್ಲಿ ನಮ್ಮ ಮನೆ ಯಾವುದೆಂದು ಗುರುತು ಹಿಡಿಯುವುದೇ ನನಗೆ ಕಷ್ಟವಾಗುತ್ತಿತ್ತು. "ಮರದ ಮನೆ ದಾಟಿ ಎಡಕ್ಕೆ ತಿರುಗು, ಸಾಕು" ಎಂದು ಗಂಡ ಹೇಳಿಕೊಟ್ಟಿದ್ದರು.

ಮರ ಆ ಮನೆಯ ಹಿಂದೆ ಇದೆ ಎಂದೇ ನಾನು ಬಹಳ ದಿನ ಅಂದುಕೊಂಡಿದ್ದೆ. ಕಾರಿನಿಂದ ನೋಡಿದರೆ ಹಾಗೇ ಕಾಣುತ್ತಿತ್ತು. ಒಂದು ಸಂಜೆ ನಡೆದುಕೊಂಡು ಹೋದಾಗಲೇ ಗೊತ್ತಾದದ್ದು, ಅದು ಇರುವುದು ಮನೆಯ ಒಳಗೆ ಎಂದು. ನೇರವಾಗಿ ಬಂದ ಗೋಡೆ ನಡುವೆ ಬಾಗಿ, ಸುತ್ತು ಬಳಸಿ, ಆಚೆ ಮತ್ತೆ ನೇರವಾಗುತ್ತಿತ್ತು. ಆ ಸುತ್ತಿನ ಮಧ್ಯದಿಂದ ಒಂದು ಹಳೆಯ ಗಾಫ್ ಮರ ಮೇಲೆದ್ದು ತಾರಸಿಯ ತುಂಬ ಹರಡಿಕೊಂಡಿತ್ತು. ನಮ್ಮ ಕಡೆ ಬನ್ನಿ ಮರ ಅನ್ನುವುದು ಇದನ್ನೇ ಎಂದು ಮೈಸೂರಿನ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ಬಿಸಿಲು ಇಳಿಯುವ ಹೊತ್ತಿಗೆ ಮೈನಾಗಳು ಎಲ್ಲಿಂದಲೋ ಬಂದು ಸೇರುತ್ತಿದ್ದವು. ಹಕ್ಕಿಗಳು ಕಣ್ಣಿಗೆ ಬೀಳದೆ ಬರೀ ದನಿ ಕೇಳುವುದರಿಂದ, ಮನೆಯೇ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದೆ ಅನ್ನಿಸುತ್ತಿತ್ತು. ಬೀದಿದೀಪ ಹತ್ತಿದ ಮೇಲೆ ಕೊಂಬೆಗಳ ನೆರಳು ರಸ್ತೆಯ ಮೇಲೆ ನಿಧಾನವಾಗಿ ತೂಗುತ್ತಿತ್ತು. ನಾನು ಬೇಕೆಂದೇ ಅದರೊಳಗೆ ಹಾದು ಬರುತ್ತಿದ್ದೆ, ಮೊಣಕಾಲುದ್ದ ನೀರಿನಲ್ಲಿ ನಡೆದ ಹಾಗೆ.

ಆ ವರ್ಷ ಚಳಿಗಾಲಕ್ಕೆ ನನ್ನ ಅತ್ತೆ ಉಡುಪಿಯ ಹತ್ತಿರದ ಊರಿನಿಂದ ವಿಸಿಟ್ ವೀಸಾದಲ್ಲಿ ಬಂದರು. ಅವರಿಗೆ ಸಲೀಸಾಗಿ ಬರುವುದು ತುಳು ಮಾತ್ರ. ಕನ್ನಡವನ್ನು ಶಾಲೆಗೆ ಹೋಗುವ ಮಕ್ಕಳ ಹಾಗೆ ನಿಂತು ನಿಂತು ಮಾತಾಡುತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

"ಇಲ್ಲಿ ಮನೆಗಳಿಗೆ ಮುಖವೇ ಇಲ್ಲವಲ್ಲ ಮಗಾ. ಒಳಗೆ ಜನ ಇದ್ದಾರೋ ಇಲ್ಲವೋ ಹೇಗೆ ತಿಳಿಯುವುದು?" ಎಂದು ಕೇಳಿದ್ದರು.

ಮರದ ಮನೆಯನ್ನು ತೋರಿಸಿದ ದಿನ ಮಾತ್ರ ಅಲ್ಲೇ ನಿಂತುಬಿಟ್ಟರು. ಚಪ್ಪಲಿ ಕಳಚಿ ಬದಿಗಿಟ್ಟು, ರಸ್ತೆಯಲ್ಲೇ ಕೈಮುಗಿದರು. ಯಾರಾದರೂ ನೋಡಿದರೆ ಏನಂದುಕೊಂಡಾರೋ ಎಂದು ನನಗೆ ಮುಜುಗರ. ಅವರಿಗೆ ಅದರ ಗೊಡವೆ ಇರಲಿಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಒಬ್ಬರೇ ಅಲ್ಲಿಯವರೆಗೆ ಹೋಗಿ ಕೈಮುಗಿದು ಬರುವುದು ರೂಢಿಯಾಯಿತು.

ಒಂದು ಶುಕ್ರವಾರ ಅರ್ಧ ದಿನದ ಕೆಲಸ ಮುಗಿಸಿ ಬಂದೆ. ಮನೆಗೆ ಬೀಗವಿಲ್ಲ, ಒಳಗೆ ಅತ್ತೆಯೂ ಇಲ್ಲ. ಕಾದು ನೋಡಿದೆ, ಬರಲಿಲ್ಲ. ಅವರ ಹತ್ತಿರ ಫೋನಿಲ್ಲ, ದಾರಿ ಕೇಳಲು ಭಾಷೆಯಿಲ್ಲ. ಮರದ ಮನೆಯ ಕಡೆ ಓಡಿದೆ. ಗೇಟು ಸ್ವಲ್ಪ ತೆರೆದಿತ್ತು. ಒಳಗೆ ಮೆಟ್ಟಿಲ ಬಳಿ ಬಗೆಬಗೆಯ ಪಾದರಕ್ಷೆಗಳ ನಡುವೆ ಅತ್ತೆಯ ನೀಲಿ ಹವಾಯಿ ಚಪ್ಪಲಿ.

ಬಾಗಿಲಲ್ಲಿ ನಿಂತಿದ್ದವಳು ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ, ಆ ಮನೆಯ ಮೊಮ್ಮಗಳು. "ಅವರ ಮನೆಯವರೇ? ಬನ್ನಿ, ಬನ್ನಿ. ಯಾರಿಗೆ ಹೇಳಿ ಕಳಿಸುವುದೆಂದು ನಮಗೂ ತಿಳಿಯದೆ ಕೂತಿದ್ದೆವು" ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಕರೆದುಕೊಂಡು ಹೋದಳು.

ಮನೆಯ ನಡುವೆ ಗಾಜಿನ ಗೋಡೆಯ ದುಂಡನೆಯ ಅಂಗಳ, ಮೇಲೆ ಬರೀ ಆಕಾಶ. ಅಂಗಳದ ತುಂಬ ಮರಳು, ಮರಳಿನಿಂದ ಎದ್ದ ಆ ಮರ. ಬಿಸಿಲು ಎಲೆಗಳಲ್ಲಿ ಸೋಸಿ ಬರುತ್ತಿತ್ತು. ಮರದ ಬುಡದಲ್ಲಿ ಚಾಪೆ ಹಾಸಿಕೊಂಡು ಇಬ್ಬರು ಮುದುಕಿಯರು ಎದುರುಬದುರು ಕೂತು ಮೀನು ಸ್ವಚ್ಛ ಮಾಡುತ್ತಿದ್ದರು. ಒಬ್ಬರು ನನ್ನ ಅತ್ತೆ. ಇನ್ನೊಬ್ಬರು ಈ ಮನೆಯ ಅಜ್ಜಿ. ಇಲ್ಲಿಯ ಹಳೆಯ ಕಾಲದ ಹೆಂಗಸರ ಹಾಗೆ ಮುಖಕ್ಕೆ ಹೊಂಬಣ್ಣದ ಮುಖಪಟ್ಟಿ ಕಟ್ಟಿದ್ದರು. ಅಲ್ ಮೀನಾದ ಮಾರ್ಕೆಟ್ಟಿನಿಂದ ಬಂದ ಮೀನು ಬೋಗುಣಿಯಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

ಅಜ್ಜಿ ಒಂದನ್ನು ಎತ್ತಿ ಹಿಡಿದು, "ಊಮಾ" ಎಂದರು.

"ಬೂತಾಯಿ" ಎಂದರು ಅತ್ತೆ.

"ಬೂತಾಯಿ" ಎಂದು ಅಜ್ಜಿ ಹೇಳಿ ನೋಡಿದರು. ಇಬ್ಬರೂ ನಕ್ಕರು. ಮನೆಕೆಲಸದ ಹೆಂಗಸರು ಏನು ಮಾಡಲೂ ತೋಚದೆ ಗಾಜಿನ ಆಚೆ ನಿಂತಿದ್ದರು.

ಮೊಮ್ಮಗಳು ನನ್ನನ್ನು ಬದಿಗೆ ಕರೆದಳು. "ಅಜ್ಜಿಗೆ ಈಗೀಗ ನೆನಪು ಸರಿಯಿಲ್ಲ. ನಿಮ್ಮ ಅತ್ತೆ ಗೇಟಿನ ಹೊರಗೆ ನಿಂತು ಮರಕ್ಕೆ ಕೈಮುಗಿಯುತ್ತಿದ್ದರಂತೆ. ಅಜ್ಜಿ ನೋಡಿದವರೇ ಕೈಹಿಡಿದು ಎಳೆದುಕೊಂಡು ಬಂದರು. ಅವರನ್ನು ತನ್ನ ಅಕ್ಕ ಅಂದುಕೊಂಡಿದ್ದಾರೆ. ಅಕ್ಕ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ನಿಮಗೆ ಬೇಸರವಾಗದಿದ್ದರೆ ಸಾಕು."

ಮರದ ಕಥೆಯನ್ನೂ ಅವಳೇ ಹೇಳಿದಳು. ರಸ್ತೆಯೂ ಮನೆಯೂ ಇಲ್ಲದ ಕಾಲದಲ್ಲಿ ಅಕ್ಕ ತಂಗಿ ಒಂಟೆಗಳ ಮೇಲೆ ಒಳನಾಡಿಗೆ ಹೊರಟಿದ್ದರಂತೆ. ದಾರಿಯಲ್ಲಿ ತಂಗಿಗೆ ಹೆರಿಗೆ ನೋವು ಬಂದಾಗ ಇಳಿದದ್ದು ಈ ಮರದ ನೆರಳಿಗೆ. "ನನ್ನ ಅಪ್ಪ ಹುಟ್ಟಿದ್ದು ಇಲ್ಲೇ. ಕೂಸನ್ನು ಮೊದಲು ಕೈಗೆ ತೆಗೆದುಕೊಂಡದ್ದು ಆ ಅಕ್ಕ." ಮುಂದೆ ಈ ಕಡೆ ಸೈಟುಗಳಾದಾಗ ಅಜ್ಜಿ ಬೇರೆಲ್ಲೋ ಸಿಕ್ಕಿದ್ದ ಜಾಗ ಬಿಟ್ಟು ಇದನ್ನೇ ಹಟ ಹಿಡಿದು ಕೇಳಿ ಪಡೆದರು. ಎಂಜಿನಿಯರು ಮರ ಕಡಿಯಬೇಕು ಎಂದಾಗ, ಅದರ ಬುಡದಲ್ಲಿ ಹೋಗಿ ಕೂತರು. ನಕಾಶೆ ಬದಲಾಯಿಸಿದ ಮೇಲೆಯೇ ಎದ್ದದ್ದು.

ಮನೆಗೆ ಬರುವ ದಾರಿಯಲ್ಲಿ ಇದನ್ನೆಲ್ಲ ಅತ್ತೆಗೆ ತುಳುವಿನಲ್ಲಿ ಹೇಳಿದೆ.

"ಕರೆಯಲಿ ಬಿಡು. ನನ್ನನ್ನು ಅಕ್ಕ ಅನ್ನುವವರೂ ಈಗ ಯಾರೂ ಉಳಿದಿಲ್ಲ" ಎಂದರು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಇದು ಸರಿ ಕಾಣಲಿಲ್ಲ. "ಅಮ್ಮ, ಪಾಪ ಅವರಿಗೆ ಸುಳ್ಳು ಹೇಳಿದ ಹಾಗಾಗುವುದಿಲ್ಲವೇ?"

"ನಾನು ಏನು ಹೇಳುತ್ತೇನೆ? ಅವಳು ಕರೆಯುತ್ತಾಳೆ, ನಾನು ಹೂಂ ಅನ್ನುತ್ತೇನೆ."

ಆಮೇಲೆ ಮಧ್ಯಾಹ್ನವೆಲ್ಲ ಅವರದು ಅಲ್ಲೇ. ರಜೆಯ ದಿನ ನಾನೂ ಹೋಗಿ ಕೂರುತ್ತಿದ್ದೆ. ಅಜ್ಜಿ ಅರಬ್ಬಿಯಲ್ಲಿ ದೀರ್ಘವಾಗಿ ಏನೋ ಹೇಳುವರು. ಅತ್ತೆ ಕೇಳಿಸಿಕೊಂಡು, ತುಳುವಿನಲ್ಲಿ ಗದ್ದೆಯ ವಿಷಯವನ್ನೋ ಸತ್ತುಹೋದ ಹಸುವಿನ ವಿಷಯವನ್ನೋ ಹೇಳುವರು. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು. ಮರದ ಸಣ್ಣ ಎಲೆಗಳು ಉದುರಿ ಇಬ್ಬರ ತಲೆಯ ಮೇಲೂ ಕೂರುತ್ತಿದ್ದವು. ಮಾತು ಅರ್ಥವಾಗದೆ ಕೇಳುತ್ತ ಕೇಳುತ್ತ ನನಗೆ ಮಂಪರು ಬರುತ್ತಿತ್ತು. ಕಣ್ಣು ಮುಚ್ಚಿದರೆ ಯಾರ ದನಿ ಯಾರದೆಂದು ತಿಳಿಯುತ್ತಿರಲಿಲ್ಲ.

ಒಂದು ದಿನ ಅಜ್ಜಿಯ ಮಗ, ಆ ಮರದ ಕೆಳಗೆ ಹುಟ್ಟಿದವರು, ಹೊತ್ತಿಗೆ ಮುಂಚೆ ಮನೆಗೆ ಬಂದರು. ಬಿಳಿಗಡ್ಡದ ಗಂಭೀರ ಮನುಷ್ಯ. ಅಂಗಳದ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದರು. ನಾನು ದಡಬಡಿಸಿ ಎದ್ದೆ, ಅತ್ತೆ ಸೆರಗು ಸರಿಮಾಡಿಕೊಂಡರು. ಅಜ್ಜಿ ಮಾತ್ರ ಅತ್ತೆಯ ಮೊಣಕೈ ಹಿಡಿದು ಮಗನಿಗೆ ಏನೋ ಹೇಳಿದರು. ಆತ ಬಗ್ಗಿ ತಾಯಿಯ ನೆತ್ತಿಗೆ ಮುತ್ತಿಟ್ಟು, ಅತ್ತೆಯ ಕಡೆ ತಿರುಗಿ ತಲೆಬಾಗಿಸಿ, "ಖಾಲ್ತಿ" ಎಂದರು. ಗಾವಾ ಎಂಬ ಇಲ್ಲಿಯ ಏಲಕ್ಕಿ ಕಾಫಿ ತರಿಸಿ, ತಾವೇ ಪುಟ್ಟ ಬಟ್ಟಲಿಗೆ ಬಗ್ಗಿಸಿ, ಮೊದಲು ಕೊಟ್ಟದ್ದು ಅತ್ತೆಗೆ.

"ಖಾಲ್ತಿ ಅಂದರೆ ತಾಯಿಯ ಅಕ್ಕ ತಂಗಿಯರನ್ನು ಕರೆಯುವುದು" ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು.

ವೀಸಾ ಮುಗಿಯುತ್ತ ಬಂತು. ಇನ್ನೊಂದು ತಿಂಗಳು ಮುಂದುವರಿಸೋಣ ಎಂದು ಈಗ ಗಂಡನೇ ಹೇಳಿದರು. ಅತ್ತೆ ಒಪ್ಪಲಿಲ್ಲ. ಊರಿನಲ್ಲಿ ಕಿರಿಮಗನ ಹೆಂಡತಿಗೆ ದಿನ ತುಂಬುತ್ತಿತ್ತು. ಕೊನೆಯ ಮಧ್ಯಾಹ್ನ ನಾವಿಬ್ಬರೂ ಹೋದೆವು. ಅಜ್ಜಿಗೆ ಹೇಗೆ ಹೇಳುವುದೆಂದು ನನಗೂ ಮೊಮ್ಮಗಳಿಗೂ ದಿಗಿಲು. ಅತ್ತೆ ಎಂದಿನಂತೆ ಕೂತರು, ಎಂದಿನಂತೆ ಮಾತಾಡಿದರು. ಏಳುವಾಗ ಅಜ್ಜಿಯ ಎರಡು ಕೈಯನ್ನೂ ತನ್ನ ಕೈಯೊಳಗೆ ಇಟ್ಟುಕೊಂಡು, "ಪೋದು ಬರ್ಪೆ" ಎಂದರು. ಹೋಗಿ ಬರುತ್ತೇನೆ ಎಂದು. ಅಜ್ಜಿ ತಲೆಯಾಡಿಸಿದರು. ಗೇಟಿನವರೆಗೂ ಬಂದು, ಅತ್ತೆಯ ಕೂದಲಿಗೆ ಊದಿನ ಹೊಗೆ ಹಿಡಿದು ಕಳಿಸಿದರು.

ಆಮೇಲೆ ಒಂದು ವಾರ ನಾನು ಆ ರಸ್ತೆ ಬಿಟ್ಟು ಸುತ್ತು ಹಾಕಿ ನಡೆದೆ. ಒಂದು ದಿನ ಮೊಮ್ಮಗಳೇ ಫೋನು ಮಾಡಿದಳು. "ಮಧ್ಯಾಹ್ನ ಚಾಪೆ ಹಾಸಿಸಿಕೊಂಡು ಕಾಯುತ್ತಾರೆ. ನೀವಾದರೂ ಬರುತ್ತೀರಾ?"

ಹೋಗಿ ಮರದ ಕೆಳಗೆ ಕೂತು, ಊರಿಗೆ ವಿಡಿಯೋ ಕರೆ ಮಾಡಿ ಸ್ಪೀಕರಿಗೆ ಹಾಕಿದೆ. ಪರದೆಯ ಮೇಲಿನ ಮುಖದ ಗುರುತು ಅಜ್ಜಿಗೆ ಹತ್ತಲಿಲ್ಲ. ಆದರೆ "ಉಣಸ್ ಆಂಡಾ?" ಎಂದು ತುಳುವಿನಲ್ಲಿ ಊಟ ವಿಚಾರಿಸುವ ಅತ್ತೆಯ ದನಿ ಕೇಳಿದ್ದೇ ಅವರು ಕತ್ತೆತ್ತಿದರು. ಕೊಂಬೆಕೊಂಬೆಯನ್ನೂ ಹುಡುಕುತ್ತ, ನಗುತ್ತ, ಮರಕ್ಕೇ ಉತ್ತರ ಕೊಡತೊಡಗಿದರು. ಅತ್ತೆಯೂ ಮಾತು ನಿಲ್ಲಿಸಲಿಲ್ಲ. ವಾರಕ್ಕೊಮ್ಮೆ ಹೀಗೆ ನಡೆಯಿತು, ಬೇಸಿಗೆ ಕಾದು ಅಂಗಳದಲ್ಲಿ ಕೂರಲಾಗದಷ್ಟು ಆಗುವವರೆಗೂ.

ಆ ಬೇಸಿಗೆಯ ಕೊನೆಗೆ ಅಜ್ಜಿ ತೀರಿಕೊಂಡರು. ಅತ್ತೆಗೆ ಹೇಳಿದಾಗ, "ಮರ ಕಾಣುವ ಹಾಗೆ ಮಲಗಿದ್ದಳೋ?" ಎಂದು ಕೇಳಿದರು. ಹೌದಂತೆ, ಗಾಜಿನ ಪಕ್ಕದಲ್ಲೇ ಮಂಚ ಹಾಕಿಸಿದ್ದರಂತೆ ಎಂದೆ. ಅತ್ತೆ ಫೋನು ಇಟ್ಟು ತಲೆಗೆ ಸ್ನಾನ ಮಾಡಿದರಂತೆ. ಆ ವಾರವೆಲ್ಲ ಮೀನು ಮುಟ್ಟಲಿಲ್ಲ ಎಂದು ನನ್ನ ಓರಗಿತ್ತಿ ಆಮೇಲೆ ಹೇಳಿದಳು.

ಮರದ ಮನೆಯಲ್ಲಿ ದುಃಖದ ಹೆಂಗಸರು ಕೂತಿದ್ದ ಕೋಣೆಗೆ ಮಾತಾಡಿಸಲು ಹೋದ ನಾನು ನೆರೆಯವರ ಜೊತೆ ಬಾಗಿಲ ಹತ್ತಿರ ಕೂತೆ. ಮೊಮ್ಮಗಳು ಎದ್ದು ಬಂದು ಕೈಹಿಡಿದು ಎಬ್ಬಿಸಿದಳು. ಒಳಗೆ ಕರೆದುಕೊಂಡು ಹೋಗಿ, ಅವಳ ತಾಯಿಗೂ ಸೋದರತ್ತೆಯರಿಗೂ ನಡುವೆ ಜಾಗ ಮಾಡಿ ಕೂರಿಸಿದಳು. ಯಾರೋ ಏನೋ ಕೇಳಿದರು, ಅವಳು ಮೆಲ್ಲಗೆ ಹೇಳಿದ ಉತ್ತರದಲ್ಲಿ ಖಾಲ್ತಿ ಎಂಬ ಮಾತೊಂದು ನನಗೆ ತಿಳಿಯಿತು. ಪಕ್ಕದ ಹಿರಿಯ ಹೆಂಗಸು ತಲೆಯಾಡಿಸಿ, ಖರ್ಜೂರದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.